ಕೆಳನಾಡಿನ ಜೆಟ್

ತಮ್ಮನ ಗೆಳೆಯ ರೂಲನ್‌ನ ಸ್ನೋಮೊಬೈಲ್, ಹಿಮದ ಮೇಲೆ ಓಡುವ ಗಾಡಿ, ಒಂಬತ್ತು ಸಾವಿರ ಅಡಿ ದಾಟುತ್ತಿದ್ದಂತೆ ತಡವರಿಸತೊಡಗಿತು. ಎಕ್ಸಲರೇಟರ್ ಒತ್ತಿದರೆ ಒಂದು ಕ್ಷಣ ಏನೂ ಇಲ್ಲ, ಆಮೇಲೆ ಗೊರಗೊರ ಸದ್ದು, ಆಮೇಲೆ ಮನಸ್ಸಿಲ್ಲದ ಮನಸ್ಸಿನಿಂದ ನಾಲ್ಕು ಮಾರು ಮುಂದೆ. ನನಗೆ ಮೊದಲು ಬಂದದ್ದು ನಗು. ಈ ಕಣಿವೆಯ ಅರ್ಧ ಗಾಡಿಗಳನ್ನು ರಿಪೇರಿ ಮಾಡುವವಳು ನಾನು. ನನ್ನ ಶೆಡ್ಡಿನಲ್ಲೇ ನಿಲ್ಲುವ ಗಾಡಿ ನನಗೇ ಕೈಕೊಟ್ಟಿತ್ತು.

ನನ್ನ ತಮ್ಮ ಡೇನ್ ಡಿಸೆಂಬರ್ ಇಪ್ಪತ್ತೇಳರಂದು ಒಬ್ಬನೇ ಬೆಟ್ಟಕ್ಕೆ ಹೋದವನು ತಿರುಗಿ ಬರಲಿಲ್ಲ. ಎಲ್ಲೋ ಹಿಮ ಜಾರಿದೆ, ಅವನು ಅದರಡಿಯಲ್ಲಿದ್ದಾನೆ, ಅಷ್ಟು ನಮಗೆ ಗೊತ್ತು. ಎಲ್ಲಿ ಎಂಬುದು ಗೊತ್ತಿಲ್ಲ. ಷೆರೀಫನ ಪೊಲೀಸ್ ಜನ ದಕ್ಷಿಣದ ಇಳಿಜಾರುಗಳನ್ನು ಹುಡುಕಿದರು. ಉತ್ತರದ ದೊಡ್ಡ ಬೋಗುಣಿ, ಬೆಟ್ಟದ ಮೇಲಿನ ಬಟ್ಟಲಿನಂಥ ಹಿಮದ ತಗ್ಗು, ಹುಡುಕುವ ಹೊಣೆ ನನ್ನದು ಎಂದು ರೂಲನ್ ಮೊದಲ ದಿನವೇ ಹೇಳಿದ. ಅವನೂ ಡೇನೂ ಮೀಸೆ ಚಿಗುರುವ ಮೊದಲಿನಿಂದ ಅಲ್ಲಿ ಗಾಡಿ ಓಡಿಸಿದವರು. ಅಮ್ಮನ ಅಡುಗೆಮನೆಯ ಗೋಡೆಗೆ ಬೆಟ್ಟದ ನಕ್ಷೆ ಅಂಟಿಸಿ, ಬೋಗುಣಿಯನ್ನು ಚೌಕ ಚೌಕವಾಗಿ ಗೀಟೆಳೆದು, ಹುಡುಕಿದ ಚೌಕಕ್ಕೆಲ್ಲ ಕೆಂಪು ಪೆನ್ಸಿಲಿನಲ್ಲಿ ಕಾಟು ಹಾಕುತ್ತಿದ್ದ. ಮೊದಲು ದಿನಾ ಹೋದ, ಷೆರೀಫನ ಜನ ಕೈಚೆಲ್ಲಿದ ಮೇಲೂ ಶನಿವಾರ ತಪ್ಪಿಸಲಿಲ್ಲ. ಅಮ್ಮ ಅವನಿಗೆ ಬೀನ್ಸ್-ಮಾಂಸದ ಚಿಲಿ ಸಾರನ್ನೂ ದಾಲ್ಚಿನ್ನಿ ರೋಲನ್ನೂ ಕಟ್ಟಿಕೊಡುತ್ತಿದ್ದಳು. ಚರ್ಚಿನಲ್ಲಿ ಜನ ಎದ್ದು ನಿಂತು ಅವನ ಹೆಸರು ಹೇಳಿ ಪ್ರಾರ್ಥಿಸಿದರು. ನಾನೂ ಅತ್ತಿದ್ದೆ.

ಈ ಗುರುವಾರ ಬಿಸಿಲು ಬಿದ್ದಿತ್ತು. ನನ್ನ ಗಾಡಿಯ ಎಂಜಿನ್ ಬಿಚ್ಚಿ ಮೇಜಿನ ಮೇಲಿತ್ತು. ರೂಲನ್ ಶಾಲೆಯ ಬಸ್ಸು ಓಡಿಸುತ್ತಾನೆ, ಸಂಜೆಯವರೆಗೆ ಸಿಗುವುದಿಲ್ಲ. ಒಂದು ಚೌಕ ನಾನೇ ಮುಗಿಸಿದರೆ ಅವನಿಗೆ ಅಷ್ಟು ಹಗುರವಾದೀತು ಎಂದುಕೊಂಡು ಮೊಳೆಯಿಂದ ಬೀಗದಕೈ ತೆಗೆದು ಅವನ ಗಾಡಿ ಹತ್ತಿದೆ.

ಗಾಡಿ ನಿಲ್ಲಿಸಿ ಪೆಟ್ರೋಲ್ ನೋಡಿದೆ, ನಿನ್ನೆ ನಾನೇ ತುಂಬಿದ್ದು. ಗಾಳಿ ಎಳೆಯುವ ಬಾಯಿಗೆ ಹಿಮ ಸೇರಿಲ್ಲ. ಬೆಲ್ಟ್ ಚೆನ್ನಾಗಿದೆ. ಪ್ಲಗ್ ಬಿಚ್ಚಿದರೆ ಕಾಡಿಗೆ ಮೆತ್ತಿದಂತೆ ಕಪ್ಪು, ಒದ್ದೆ. ಎಂಜಿನ್ನಿಗೆ ಪೆಟ್ರೋಲ್ ಜಾಸ್ತಿ ಹೋಗಿ ಉಸಿರು ಕಟ್ಟುತ್ತಿತ್ತು. ಬೋಗುಣಿಯ ಅಂಚು ಕೂಡ ಮುಟ್ಟದೆ ಹಿಂದೆ ತಿರುಗಿದೆ. ವಿಚಿತ್ರವೆಂದರೆ ಕೆಳಗಿಳಿದಂತೆಲ್ಲ ಗಾಡಿ ಸರಿಯಾಗುತ್ತ ಬಂತು.

ಶೆಡ್ಡಿನಲ್ಲಿ ಕಾರ್ಬುರೇಟರ್ ಬಿಚ್ಚಿದೆ. ಪೆಟ್ರೋಲ್ ಅಳೆದು ಬಿಡುವ ಹಿತ್ತಾಳೆಯ ಪುಟ್ಟ ತೂತಿನ ತಿರುಪು, ಜೆಟ್, ಅಂಗೈಗೆ ಬಿತ್ತು. ಡಿಸೆಂಬರಿನಲ್ಲಿ ನಾನು ಹಾಕಿದ್ದು ಮುನ್ನೂರ ನಲವತ್ತು ನಂಬರಿನದು. ಮೇಲೆ ಗಾಳಿ ತೆಳು, ತೂತು ಸಣ್ಣದಿರಬೇಕು. ಇದರ ಮೇಲೆ ಕೊರೆದಿದ್ದದ್ದು ನಾನೂರ ಹತ್ತು. ಅದು ಬೆಟ್ಟದ ಜೆಟ್ ಅಲ್ಲ. ಎಂಬತ್ತು ಮೈಲಿ ಕೆಳಗೆ, ಹಿನ್ನೀರಿನ ಬಯಲಿನಲ್ಲಿ ಗಾಡಿ ಓಡಿಸುವವರು ಹಾಕಿಕೊಳ್ಳುವ ಜೆಟ್.

ಯಾರಿಗೋ ಗಾಡಿ ಕೊಟ್ಟಿರಬೇಕು, ಪೆಟ್ಟಿಗೆಯಲ್ಲಿ ಜೆಟ್ ಅದಲುಬದಲಾಗಿರಬೇಕು ಎಂದೆಲ್ಲ ಅವನ ಪರವಾಗಿ ನಾನೇ ವಕೀಲಿ ಮಾಡಿಕೊಂಡೆ. ಒಂದೂ ನಿಲ್ಲಲಿಲ್ಲ, ಶನಿವಾರ ಸಂಜೆಯಿಂದ ಗಾಡಿ ನನ್ನ ಶೆಡ್ಡು ಬಿಟ್ಟು ಕದಲಿರಲಿಲ್ಲ. ಈ ಜೆಟ್ ಇಟ್ಟುಕೊಂಡು ಕಳೆದ ಶನಿವಾರ ಬೋಗುಣಿ ಹತ್ತಲು ಯಾರಿಂದಲೂ ಆಗುತ್ತಿರಲಿಲ್ಲ. ಆದರೂ ಅಂದು ಸಂಜೆ ಅವನು ಒಂದು ಚೌಕಕ್ಕೆ ಕಾಟು ಹಾಕಿ, ಅಮ್ಮನ ಕೈಯ ಊಟ ಮಾಡಿ ಹೋಗಿದ್ದ.

ನಾಲ್ಕು ಗಂಟೆಗೆ ರೂಲನ್ ಬಸ್ಸು ಬಿಟ್ಟು ಬಂದ. ಬಿಚ್ಚಿದ ಗಾಡಿ ಕಂಡು ಬಾಗಿಲಲ್ಲೇ ನಿಂತ.

"ಏನ್ ಜನೀಲ್, ನನ್ ಗಾಡಿಗೇ ಆಪರೇಷನ್ನಾ?"

ಜೆಟ್ಟನ್ನು ಅವನ ಮುಂದೆ ಹಿಡಿದೆ. "ಇದು ಇಲ್ಲಿಗೆ ಹೇಗ್ ಬಂತು, ಹೇಳು."

ನೋಡಿದ. ನಗು ಇಳಿಯಿತು.

"ಶನಿವಾರ ರಾತ್ರಿ ಮಗಳ ಬಾಸ್ಕೆಟ್‌ಬಾಲ್ ಇತ್ತು. ವಾಪಸ್ ಹಾಕಕ್ಕೆ ಟೈಮ್ ಆಗ್ಲಿಲ್ಲ."

"ವಾಪಸ್ ಹಾಕೋದಾ? ಅಂದ್ರೆ ಪ್ರತಿ ಸಲ ಬದಲಾಯಿಸ್ತಿದ್ಯಾ?"

"ಹಿನ್ನೀರಿಗೆ ಹೋಗ್ತಿದ್ದೆ. ಸಂಜೆ ತನಕ ಅಲ್ಲೇ ಸುತ್ತಾಡ್ತಿದ್ದೆ. ಸಣ್ಣ ಜೆಟ್ ಇಟ್ಕೊಂಡು ಕೆಳಗೆ ಓಡ್ಸಿದ್ರೆ ಪಿಸ್ಟನ್ ಸುಟ್ಟೋಗುತ್ತಲ್ಲ."

"ಪಿಸ್ಟನ್ ಸುಟ್ಟೋಗುತ್ತೆ," ಎಂದೆ. "ಅದೊಂದು ಚಿಂತೆ ಇತ್ತು ನಿಂಗೆ."

ಮೂಲೆಯಲ್ಲಿ ಬೋರಲಾಗಿದ್ದ ಡಬ್ಬಿಯ ಮೇಲೆ ಅವನು ಕುಸಿದು ಕೂತ. "ಮೊದಲ್ನೇ ದಿನ ಅಂಚಿನ ತನಕ ಹೋಗಿದ್ದೆ ಕಣೆ. ಕಾಲಡಿ ಹಿಮ ಧಡ್ ಅಂತ ಕುಸೀತು. ಉದ್ದಕ್ಕೂ ಬಿರುಕು ಓಡಿದ್ದನ್ನ ಕಣ್ಣಾರೆ ನೋಡ್ದೆ. ಕೈಕಾಲೇ ಆಡ್ಲಿಲ್ಲ. ಕೆಳಗ್ ಬಂದಾಗ ನಿಮ್ಮಮ್ಮ ಬಾಗಿಲಲ್ಲಿ ನಿಂತಿದ್ರು. ಎಲ್ಲಿ ನೋಡ್ದೆ ಅಂತ ಕೇಳಿದ್ರು. ಬಾಯಿಗೆ ಬಂದ ಚೌಕ ಹೇಳ್ಬಿಟ್ಟೆ."

"ಹೆದರಿಕೆ ಆಯ್ತು ಅಂತ ಹೇಳಕ್ಕೆ ಏನಾಗಿತ್ತು ನಿಂಗೆ?"

ಹೆದರಿದ್ದಕ್ಕೆ ನನಗೆ ಸಿಟ್ಟಿಲ್ಲ, ಆ ಬೋಗುಣಿಗೆ ಹೆದರದವರು ಈ ಊರಲ್ಲಿ ಯಾರೂ ಇಲ್ಲ. ನನ್ನ ಸಿಟ್ಟೆಲ್ಲ ಆ ಕೆಂಪು ಕಾಟುಗಳ ಮೇಲೆ. ಅವನು ಆಗಲ್ಲ ಎಂದಿದ್ದರೆ ನಾನು ಹೋಗುತ್ತಿದ್ದೆ, ಇನ್ನು ಹತ್ತು ಜನ ಹೋಗುತ್ತಿದ್ದರು. ಅವನು ಕಾಟು ಹಾಕಿದ ಕಡೆ ಡೇನ್ ಇಲ್ಲವೆಂದು ನಂಬಿ ನಾವೆಲ್ಲ ಬೇರೆ ಕಡೆ ಹಿಮ ಅಗೆದೆವು.

ಇನ್ನೂ ಒಂದು ಮಾತಿತ್ತು. ಅದನ್ನು ಕೇಳಲು ನನಗೇ ಭಯವಾಯಿತು. ಬೆಟ್ಟ ಹತ್ತುವವರೆಲ್ಲ ಎದೆಗೆ ಬೀಕನ್ ಎಂಬ ಪುಟ್ಟ ರೇಡಿಯೊ ಪೆಟ್ಟಿಗೆ ಕಟ್ಟಿಕೊಳ್ಳುತ್ತೇವೆ. ಹಿಮದಡಿ ಹೂತುಹೋದರೂ ಅದು ಕೂಗುತ್ತಲೇ ಇರುತ್ತದೆ, ನಲವತ್ತು ಹೆಜ್ಜೆ ಹತ್ತಿರ ಬಂದವರ ಬೀಕನ್ನಿಗೆ ಅದು ಕೇಳಿಸುತ್ತದೆ. ಬ್ಯಾಟರಿ ಹೆಚ್ಚೆಂದರೆ ಹತ್ತು ದಿನ, ಆಮೇಲೆ ಆ ಕೂಗು ನಿಲ್ಲುತ್ತದೆ.

"ಮೊದಲ ಹತ್ತು ದಿನ?" ಎಂದೆ. "ಬೋಗುಣಿ ಒಳಗೆ ಒಂದ್ ಸಲನಾದ್ರೂ ಇಳಿದ್ಯಾ?"

ಅವನು ತಲೆಯಾಡಿಸಿದ. ಇಲ್ಲ.

ಕಪಾಳಕ್ಕೆ ಬಾರಿಸಬೇಕೆನ್ನಿಸಿತು. ತೋಳು ಹಿಡಿದು ಎಬ್ಬಿಸಿ, ಅಂಗಳ ದಾಟಿಸಿ, ಅಡುಗೆಮನೆಯಲ್ಲಿ ನಕ್ಷೆಯ ಮುಂದೆ ನಿಲ್ಲಿಸಿದೆ. ಹದಿಮೂರು ಕಾಟುಗಳಿದ್ದವು. ಅಮ್ಮ ಒಲೆಯ ಮುಂದಿದ್ದಳು. ಅವನನ್ನು ಕಂಡು ಅವಳ ಮುಖ ಅರಳಿತು.

"ಹೇಳು ಅಮ್ಮಂಗೆ," ಎಂದೆ.

ಅವನು ನೆಲ ನೋಡುತ್ತ, ತಡವರಿಸುತ್ತ ಎಲ್ಲ ಹೇಳಿದ. ಅಮ್ಮ ಒಲೆ ಆರಿಸಿದಳು. ಕೈ ಒರೆಸಿಕೊಂಡು ಬಂದು ನಕ್ಷೆಯ ಕಾಟುಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿದಳು. ಕೊನೆಯದನ್ನು ಮುಟ್ಟಿ ಅವನ ಕಡೆ ತಿರುಗಿದಳು.

"ಡೇನ್ ಎದೆ ಮೇಲಿನ ಬೀಕನ್ ಎಷ್ಟ್ ದಿನ ಕೂಗುತ್ತೆ ಅಂತ ನಿಂಗೆ ಗೊತ್ತಿತ್ತೇನಪ್ಪ?"

"ಗೊತ್ತಿತ್ತಮ್ಮ," ಎಂದ ರೂಲನ್.