ಸೋಮವಾರದ ತನಕ ಕಾಯಬೇಡಿ

ಕಾರಟಗಿ ಕಡೆಯ ಅಕ್ಕಿ ಮಿಲ್ಲೊಂದರಲ್ಲಿ ಮೋಟಾರು ಕಳುವಾಯಿತು. ಶನಿವಾರ ಸಂಜೆ ಪೊಲೀಸರು ಅಲ್ಲಿನ ಹಮಾಲಿ ಹಾಲೇಶನನ್ನು ಹಿಡಿದುಕೊಂಡು ಹೋದರು. ಮರುದಿನ ಬೆಳಿಗ್ಗೆ ತಾಯಿ ಮುದಕಮ್ಮ ಠಾಣೆಗೆ ರೊಟ್ಟಿ ಒಯ್ದಳು. ಒಳಗೆ ಬಿಡಲಿಲ್ಲ. ಮಗ ಚೀರುವುದು ಮಾತ್ರ ಕೇಳಿಸಿತು.

ಅಳುತ್ತ ಮನೆಗೆ ಬಂದವಳಿಗೆ ಗಂಡ ಗವಿಸಿದ್ದಪ್ಪ ಹೇಳಿದ, "ಸುಮ್ನಿರು. ನಾಳಿ ಮಿಲ್ಲಿನ ಸಾವುಕಾರ್ರು ಠಾಣೆಕ್ಕ ಫೋನ್ ಹಚ್ತಾರಂತ. ಇವತ್ತ ರವಿವಾರ, ಕೋರ್ಟ್ ಬಂದ್."

ಪಕ್ಕದ ಮನೆಯ ಖುಷ್ಬು ಕಾನೂನು ಸೇವಾ ಸಮಿತಿಯ ಸ್ವಯಂಸೇವಕಿ. ಅಳು ಕೇಳಿ ಬಂದಿದ್ದಳು.

"ಕೋರ್ಟ್ ಬಂದ್ ಇದ್ರೂ ಮ್ಯಾಜಿಸ್ಟ್ರೇಟರು ಮನ್ಯಾಗ ಇರ್ತಾರ, ಕಾಕಾ. ಹಿಡಿದವರನ್ನ ಇಪ್ಪತ್ನಾಲ್ಕು ತಾಸಿನೊಳಗ ಅವರ ಮುಂದ ನಿಲ್ಲಿಸ್ಬೇಕು. ರವಿವಾರ ಆದ್ರೂ."

"ಯಾರು ಹೇಳ್ಯಾರ?"

"ಸಂವಿಧಾನ."

"ಅದನ್ನ ಫೌಜದಾರಗ ಹೋಗಿ ಹೇಳು! ನೀ ಬಾಯಿ ಬಿಟ್ರ ನಮ್ಮ ಹುಡುಗಗ ಇನ್ನೆರಡು ಏಟು ಬೀಳ್ತಾವು."

"ನಾವು ಬಾಯಿ ಮುಚ್ಚಿದ್ರೂ ಬೀಳಾಕತ್ತಾವಲ್ಲ?"

"ಅವನೇ ಕದ್ದಿದ್ರ?"

"ಕದ್ದಿದ್ರ ಕೋರ್ಟ್ ಶಿಕ್ಷಾ ಕೊಡ್ಲಿ. ಹೊಡಿಯಾಕ ಯಾರಿಗೂ ಹಕ್ಕಿಲ್ಲ. ಹೊಡದು ಒಪ್ಪಿಸಾಕೂ ಬರಂಗಿಲ್ಲ."

ಮುದಕಮ್ಮ ಕಣ್ಣೊರೆಸಿಕೊಂಡಳು. "ಕಳುವಾಗಿದ್ದು ಸಾವುಕಾರ್ರ ಮೋಟಾರ. ಅವರು ನಮ್ಮ ಪರ ಯಾಕ ಮಾತಾಡ್ತಾರ? ನಡಿ ಯವ್ವಾ, ನಾ ಬರ್ತೀನಿ."

ಗವಿಸಿದ್ದಪ್ಪ ಗೊಣಗುತ್ತಲೇ ಟವೆಲ್ಲು ಹೆಗಲಿಗೆ ಹಾಕಿಕೊಂಡು ಹಿಂದೆ ಹೊರಟ.

ಖುಷ್ಬು ಕಾನೂನು ನೆರವಿನ ಉಚಿತ ಸಂಖ್ಯೆ 15100ಕ್ಕೆ ಕರೆ ಮಾಡಿದಳು. ಉಚಿತ ವಕೀಲೆ ಮಹೇಶ್ವರಿ ನೇರ ಠಾಣೆಗೇ ಬಂದರು.

"ಹಾಲೇಶನ್ನ ಯಾವ ಕೇಸಿನಾಗ ಹಿಡಿದೀರಿ?"

"ಹಿಡಿದಿಲ್ರಿ ಮೇಡಂ," ಎಂದ ಪೊಲೀಸಪ್ಪ. "ಸುಮ್ನ ವಿಚಾರಣಾಕ್ಕ ಕರಕೊಂಡು ಬಂದೀವಿ."

"ಹಂಗಾದ್ರ ಈಗ ಮನಿಗೆ ಕಳಸ್ರಿ. ಹಿಡಿದಿದ್ರ ಕಾಗದ ಮಾಡಿ ಮ್ಯಾಜಿಸ್ಟ್ರೇಟರ ಮುಂದ ನಡೀರಿ. ಎರಡರಾಗ ಒಂದು."

ಪೊಲೀಸರು ಕಳವಿನ ಕೇಸು ಬರೆದು, ಮಧ್ಯಾಹ್ನ ಹಾಲೇಶನನ್ನು ಮ್ಯಾಜಿಸ್ಟ್ರೇಟರ ಮನೆಗೆ ಕರೆತಂದರು. "ಪೊಲೀಸರು ಹೊಡೆದರೇನಪ್ಪಾ?" ಎಂದು ಮ್ಯಾಜಿಸ್ಟ್ರೇಟರು ಕೇಳಿದರು. ಹಾಲೇಶ ಪಕ್ಕದ ಪೊಲೀಸನನ್ನು ನೋಡಿ ತಲೆ ತಗ್ಗಿಸಿದ.

ಬಾಗಿಲಲ್ಲಿದ್ದ ಗವಿಸಿದ್ದಪ್ಪ ಒಮ್ಮೆಲೇ ಅಂದ, "ಹೇಳು ಲೇ, ನಾವದೀವಿ."

ಹಾಲೇಶ ಕಾಲೆತ್ತಿ ಬಾತ ಅಂಗಾಲು ತೋರಿಸಿದ. ಮ್ಯಾಜಿಸ್ಟ್ರೇಟರು ಅದನ್ನು ಬರೆದುಕೊಂಡು, ವೈದ್ಯರಿಗೆ ತೋರಿಸಲು ಆದೇಶಿಸಿದರು. ಮಹೇಶ್ವರಿ ಜಾಮೀನು ಕೇಳಿದರು, ಸಿಕ್ಕಿತು. ಕಳವಿನ ಕೇಸು ಇನ್ನೂ ನಡೆದಿದೆ. ಹಾಲೇಶ ಕೋರ್ಟಿಗೆ ಹೋಗುತ್ತಾನೆ, ತನ್ನ ಮಾತು ಹೇಳುತ್ತಾನೆ.

ನಿಮ್ಮವರನ್ನು ಹಿಡಿದೊಯ್ದರೆ ಕಾರಣ ಕೇಳಿ. ವಕೀಲರನ್ನು ಕೇಳಿ, ದುಡ್ಡಿಲ್ಲದಿದ್ದರೆ ಸರ್ಕಾರವೇ ಕೊಡಬೇಕು. ಹೊಡೆದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಬಾಯಿ ಬಿಟ್ಟು ಹೇಳಿ. ತಪ್ಪು ಮಾಡಿದವನಿಗೂ ಈ ಹಕ್ಕಿದೆ. ಇದನ್ನು ಕೇಳಲು ಯಾರ ಅಪ್ಪಣೆಯೂ ಬೇಕಿಲ್ಲ. ಹೋಗಿ ಕೇಳಿ.