ಹೇಮಾವತಿಯ ಹಕಾರ

ಒಂದು ಬೆಳಿಗ್ಗೆ ವೃಷಭೇಂದ್ರ 'ಹಾಲು' ಅಂದ. ಶಿವರಂಜನಿಯ ಹೊಟ್ಟೆಯಲ್ಲಿ ಕಿಚ್ಚು ಹತ್ತಿದ್ದು ಆವತ್ತೇ.

ಮದುವೆಯಾದಾಗಿನಿಂದ ಅವನು ಕೇಳುತ್ತಿದ್ದುದು ಆಲನ್ನು. ಆಲು, ಒಲ, ಅಸು, ಉಲ್ಲು. ತಮಿಳು ಸೀಮೆಗೆ ಸೇರಿದ ಗಡಿಯೂರು ತಾಳವಾಡಿಯಲ್ಲಿ ಹುಟ್ಟಿದ ನಾಲಿಗೆಗೆ ಹಕಾರ ಹೊರುವ ಅಭ್ಯಾಸವಿಲ್ಲ, ಅವಳ ನಾಲಿಗೆಗೂ ಇರಲಿಲ್ಲ. ಈಗ ಇದ್ದಕ್ಕಿದ್ದಂತೆ ಅಡುಗೆಮನೆ ಬಾಗಿಲಲ್ಲಿ ನಿಂತು, ಕನ್ನಡಿಗೆ ಉಸಿರು ಬಿಟ್ಟು ಒರೆಸುವವನ ಹಾಗೆ "ಹಾಲು ಕಾಸಿದ್ಯಾ?" ಅಂದರೆ! ಅವಳು ಒಲೆಯ ಮುಂದಿನಿಂದ ಏಳದೆ ಅವನ ಮುಖವನ್ನೇ ನೋಡಿದಳು. ತಾನೇನು ಅಂದೆನೆಂದು ಅವನಿಗೆ ಗೊತ್ತೇ ಆಗಿರಲಿಲ್ಲ. ಬೇಕೆಂದು ಅಂದಿದ್ದರೆ ನಕ್ಕುಬಿಡಬಹುದಿತ್ತು. ತಾನಾಗಿ ಬಂದದ್ದೇ ಚುಚ್ಚಿತು.

ಅದು ಎಲ್ಲಿಂದ ಬಂತೆಂದು ಅವಳಿಗೆ ಗೊತ್ತಿತ್ತು. ಮನೆಯ ಮುಂದಿನ ಕೋಣೆಯಿಂದ.

ರಸ್ತೆಗೆ ಬಾಗಿಲಿದ್ದ ಆ ಕೋಣೆಯಲ್ಲಿ ಮೊದಲು ಮುಸುಕಿನ ಜೋಳದ ಮೂಟೆಗಳಿರುತ್ತಿದ್ದವು. ಚಾಮರಾಜನಗರದಲ್ಲಿ ಕೋರ್ಸು ಮುಗಿಸಿ ಬಂದಿದ್ದ ವೃಷಭೇಂದ್ರ ಎರಡು ಸಾವಿರದ ನಾಲ್ಕರಲ್ಲಿ ಮೂಟೆಗಳನ್ನು ಹಿತ್ತಿಲಿಗೆ ಸಾಗಿಸಿ, ಮೂರು ಕಂಪ್ಯೂಟರು ಇಟ್ಟು, ಮೇಲೆ ತಮಿಳಿನಲ್ಲಿ 'ಕಣಿನಿ' ಎಂದೂ ಕೆಳಗೆ ಕನ್ನಡದಲ್ಲಿ 'ಕಂಪ್ಯೂಟರ್ ತರಬೇತಿ' ಎಂದೂ ಬೋರ್ಡು ಬರೆಸಿದ. ಊರವರ ಬಾಯಲ್ಲಿ ಅದು ಕಣಿನಿ ಅಂಗಡಿಯಾಯಿತು. ಅಂಗಡಿಗೂ ನಡುಮನೆಗೂ ಮಧ್ಯೆ ಒಂದು ಪರದೆ. ಪರದೆಯ ಈಚೆ ಶಿವರಂಜನಿ ಬೆಳ್ಳುಳ್ಳಿ ಬಿಡಿಸುತ್ತಲೋ ಅವರೆಕಾಯಿ ಸುಲಿಯುತ್ತಲೋ ಕೂರುತ್ತಿದ್ದಳು.

ಬಂದವರೆಲ್ಲ ಕೇಳುತ್ತಿದ್ದುದು ಟೈಪಿಂಗು. ದೀಪಾವಳಿ ಕಳೆದ ಮೇಲೆ ಬಂದ ಹೇಮಾವತಿ ಮಾತ್ರ ಬೇರೆ ಕೇಳಿದಳು. ಬ್ಯಾಂಕಿಗೆ ವರ್ಗವಾಗಿ ಬಂದ ಆಫೀಸರ ಹೆಂಡತಿ, ಮೈಸೂರಿನವಳು. "ಇಂಟರ್ನೆಟ್ಟಲ್ಲಿ ಪೇಜು ಬರುತ್ತಲ್ಲ ಸರ್, ಅದನ್ನ ಮಾಡೋದು ಹೇಗೆ? ಹೇಳಿಕೊಡ್ತೀರಾ?"

ಎಚ್‌ಟಿಎಂಎಲ್ ಕಲಿತು ಬಂದು, ಕೇಳುವವರಿಲ್ಲದೆ ಮನಸ್ಸಿನಲ್ಲೇ ಇಟ್ಟುಕೊಂಡಿದ್ದ ಮನುಷ್ಯ. ಅವನ ದನಿ ಅರಳಿದ್ದು ಪರದೆಯ ಈಚೆಗೂ ಕೇಳಿಸಿತು. ಮೊದಲ ದಿನವೇ ಇಡೀ ಪಾಠವನ್ನು ಪ್ರಿಂಟು ತೆಗೆದು ಅವಳ ಕೈಗೆ ಕೊಟ್ಟ.

"ಮೊದ್ಲು ಎಡ್, ಆಮೇಲೆ ಬಾಡಿ ಮೇಡಂ. ಎರಡು ಕೊಕ್ಕೆ ನಡುವೆ ಬರೀಬೇಕು. ತೆಗೆದದ್ದನ್ನ ಮರೀದೆ ಮುಚ್ಚಬೇಕು."

"ಎಡ್ ಅಲ್ಲ ಸರ್, ಹೆಡ್," ಎಂದು ಹೇಮಾವತಿ ನಕ್ಕಳು.

ಶಿವರಂಜನಿಯ ಕೈಯಲ್ಲಿದ್ದ ಬೆಳ್ಳುಳ್ಳಿ ಎಸಳು ಹಾಗೇ ನಿಂತಿತು. ಅಂಗಿಯ ಗುಂಡಿ ತಪ್ಪಿ ಹಾಕಿದ್ದೀರಿ ಎಂದರೆ ಎರಡು ದಿನ ಮುಖ ಊದಿಸಿಕೊಳ್ಳುವ ಗಂಡ ಅವನು. ಈಗ ಏನಾಗುತ್ತದೋ ಎಂದು ಕಿವಿಯೊಡ್ಡಿದಳು. ಅವನು ನಕ್ಕ. "ಹೆಡ್," ಅಂದ, ಮಗು ಅಂದ ಹಾಗೆ. "ಸರಿಯಾ ಮೇಡಂ?"

ಆಮೇಲೆ ಆ ಹಕಾರ ಮನೆಯೆಲ್ಲ ತಿರುಗಾಡತೊಡಗಿತು. ಬೇಕಾದ ಕಡೆ ಬಂತು, ಬೇಡದ ಕಡೆಯೂ ಬಂತು. ಒಂದು ಸಂಜೆ ಅವನು, "ದೋಸೆಗ ಹಕ್ಕಿ ನೆನಾಕಿದ್ದೀಯಾ?" ಅಂದ.

ಅತ್ತೆ ಚನ್ನಮಲ್ಲಮ್ಮ ಜಗುಲಿಯಿಂದಲೇ, ಒಲೆ ಊದುವ ಹಾಗೆ ಬಾಯಿ ಮಾಡಿ, "ಲಿಂಗ ಕಟ್ಕಂಡವ್ರ ಮನೇಲಿ ಹಹಕ್ಕಿ ನೆನಾಕ್ತಾರೇನ್ಲಾ? ಪುಕ್ಕ ಕಿತ್ತು ನೆನಾಕದೋ, ಅಂಗೇ ನೆನಾಕದೋ?" ಅಂದಳು.

ಅವನೂ ನಕ್ಕ. ಶಿವರಂಜನಿಗೆ ಮಾತ್ರ ನಗು ಬರಲಿಲ್ಲ. ಅನುಮಾನ ಪಡುವಂಥದ್ದು ಏನೂ ಇಲ್ಲವೆಂದು ಅವಳಿಗೂ ಗೊತ್ತು. ಮಧ್ಯಾಹ್ನದ ಹೊತ್ತು, ರಸ್ತೆಗೆ ತೆರೆದ ಬಾಗಿಲು, ಪಕ್ಕದಲ್ಲಿ ಟೈಪು ಕಲಿಯುವ ಹುಡುಗಿಯರು. ಆದರೆ ಅವನು ಬೇರೊಬ್ಬಳ ಮಾತಿಗೆ ನಾಲಿಗೆ ತಿದ್ದಿಕೊಂಡಿದ್ದ. ತನಗಾಗಿ ಅವನು ಏನನ್ನು ತಿದ್ದಿಕೊಂಡಿದ್ದ ಎಂದು ಹುಡುಕಿದಳು. ಏನೂ ನೆನಪಾಗಲಿಲ್ಲ.

ಮಾರ್ಗಶಿರದ ಚಳಿಯಲ್ಲಿ ಒಂದು ದಿನ ಊಟಕ್ಕೆ ಕೂತವನು ಹೇಳಿದ, "ಸಂಘದ ಎಂಗಸ್ರು ಕಲೀಬೇಕು ಅಂತ ಕೇಳವ್ರ. ಸಂಕ್ರಾಂತಿ ಆದ್ಮೇಲೆ ಒಂದು ಬ್ಯಾಚ್ ಮಾಡ್ಬೇಕು. ಏಳ್ಕೊಡಕ ಎಂಗ್ಸೇ ಇರ್ಬೇಕಂತ."

"ಯಾರವ್ರ ಅಂಗ ಏಳ್ಕೊಡೋರು?"

"ಹೇಮಾ ಮೇಡಂನ ಕೇಳನ ಅಂತಿವ್ನಿ."

ಮಾತಿನುದ್ದಕ್ಕೂ ಹಕಾರ ಉದುರಿಹೋಗಿತ್ತು. ಹೆಂಗಸರೆಲ್ಲ ಎಂಗಸ್ರಾಗಿದ್ದರು. ಆ ಒಂದು ಹೆಸರಿನಲ್ಲಿ ಮಾತ್ರ ಹಕಾರ ಗಟ್ಟಿಯಾಗಿ ಕೂತಿತ್ತು. ಊರೆಲ್ಲ ಏಮಾವತಿ ಅನ್ನುವಾಗ ಇವನೊಬ್ಬನಿಗೆ ಹೇಮಾ.

"ನಾನು ಕಲ್ತ್ರ?" ಅಂದಳು, ಸಾರು ಬಡಿಸುತ್ತ.

"ನಿಂಗ್ಯಾಕಮ್ಮಿ ಆ ರೇಜಿಗೆ?"

ಪ್ರೀತಿಯಿಂದಲೇ ಅಂದಿದ್ದ. ಪ್ಲಸ್ ಟು ಪಾಸಾಗಿದ್ದ ಅವಳಿಗೆ ಆ ಪ್ರೀತಿಯೇ ತಡೆಯದಾಯಿತು. ಆ ಬ್ಯಾಚಿನ ಮುಂದೆ ಹಾಕುವ ಕುರ್ಚಿ ತನಗೆ ಬೇಕು ಎಂದು ಆ ಕ್ಷಣವೇ ನಿಶ್ಚಯಿಸಿದಳು. ಅದರಲ್ಲಿ ಹೇಮಾವತಿ ಕೂರಕೂಡದು.

ಅಂದಿನಿಂದ ಪರದೆಯ ಈಚೆ ಕೂರುವುದು ಪಾಠಕ್ಕಾಗಿಯೇ ಆಯಿತು. ಅವನು ಹೇಳಿದ್ದನ್ನೆಲ್ಲ ಮನಸ್ಸಿನಲ್ಲೇ ಬರೆದುಕೊಂಡಳು. ಒಂದು ಪೇಜಿನಿಂದ ಇನ್ನೊಂದಕ್ಕೆ ದಾರಿ ಮಾಡುವ ಪಾಠದ ದಿನ ಅವನಿಗೆ ಉತ್ಸಾಹ ಉಕ್ಕಿ, ಕಲಿತ ಹಕಾರವೂ ಮರೆತುಹೋಯಿತು. "ಕೊಕ್ಕೆ, ಎ, ಆಮೇಲೆ ಎರೆಫ್. ಎರೆಫ್ ಈಕ್ವಲ್ ಟು ಪೇಜಿನ ಎಸ್ರು. ಅದೇ ಮೇಡಂ ದಾರಿ." ಹೇಮಾವತಿ ತಿದ್ದಲಿಲ್ಲ. ಪ್ರಿಂಟು ಎದುರಿಗೇ ಇತ್ತಲ್ಲ. ಒಲೆಯ ಮೇಲೆ ಸಾರು ಸೀದ ವಾಸನೆ ಬಂದಾಗಲೇ ಶಿವರಂಜನಿ ಎದ್ದದ್ದು.

ಅವನು ಸಾಮಾನು ತರಲು ಘಟ್ಟದ ಕೆಳಗಿನ ಸತ್ತಿ ಪೇಟೆಗೆ ಹೋದ ದಿನ ಅತ್ತೆಯನ್ನು ಹೊಲಕ್ಕೆ ಕಳಿಸಿ ಅವಳು ಕಂಪ್ಯೂಟರು ಹಾಕಿದಳು. ಬಸ್ಸು ಹಾಸನೂರು ದಾಟಿ ದಿಂಬಂ ಘಟ್ಟ ಇಳಿದು ಮತ್ತೆ ಹತ್ತಿ ಬರುವಷ್ಟರಲ್ಲಿ ಸಂಜೆಯಾಗುತ್ತಿತ್ತು. ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. ಕೊಕ್ಕೆ ತೆರೆದಳು, ಮುಚ್ಚಿದಳು. ಪೇಜು ತೆರೆದಾಗ 'Shivaranjani' ಎಂದು ದೊಡ್ಡ ಕೆಂಪಕ್ಷರ. ತನ್ನ ಹೆಸರನ್ನು ಅಷ್ಟು ದೊಡ್ಡದಾಗಿ ಅವಳು ಮದುವೆ ಪತ್ರಿಕೆಯಲ್ಲೂ ನೋಡಿರಲಿಲ್ಲ. ಕೆಳಗೆ 'Namma thota' ಎಂದು ಬರೆದು, ಒತ್ತಿದರೆ ಎರಡನೇ ಪೇಜಿಗೆ ಹೋಗುವಂತೆ ಮಾಡಹೊರಟಳು. ಅದು ಹೋಗಲಿಲ್ಲ. ಅಳಿಸಿ ಬರೆದಳು, ಮತ್ತೆ ಬರೆದಳು. ಹೋಗಲಿಲ್ಲ. ಏನನ್ನೋ ಹೇಮಾವತಿಗೊಬ್ಬಳಿಗೇ ಮೆಲ್ಲಗೆ ಹೇಳಿಕೊಟ್ಟಿದ್ದಾನೆ, ಪರದೆಗೆ ಕೇಳಿಸದ ಹಾಗೆ, ಎಂದುಕೊಂಡಳು. ಕಣ್ಣು ಉರಿಯಿತು.

"ಸರ್ ಇಲ್ವಾ ಅಕ್ಕ?"

ಹೇಮಾವತಿ ಬಾಗಿಲಲ್ಲಿ ನಿಂತಿದ್ದಳು. ಮುಚ್ಚಲು ಹೊತ್ತಿರಲಿಲ್ಲ. ಹತ್ತಿರ ಬಂದು ನೋಡಿ, "ಇದು ನೀವು ಮಾಡಿದ್ದಾ? ಎಷ್ಟು ಚೆನ್ನಾಗಿದೆ," ಅಂದಳು. ಅದರಲ್ಲಿ ಕುಹಕ ಹುಡುಕಿದರೂ ಸಿಗಲಿಲ್ಲ.

"ಅದು ಓಗ್ತಿಲ್ಲ."

"ಮೊದಲಕ್ಷರ ಇ ಅಲ್ಲ ಅಕ್ಕ, ಹೆಚ್. ಹೆಚ್ ಆರ್ ಇ ಎಫ್, ಅಷ್ಟೆ." ಬಾಗಿ, ಬಳೆ ಸದ್ದು ಮಾಡುತ್ತ, ಒಂದಕ್ಷರ ಅಳಿಸಿ ಒಂದಕ್ಷರ ಒತ್ತಿದಳು. ತೋಟದ ಸಾಲು ನೀಲಿಯಾಯಿತು, ಒತ್ತಿದರೆ ದಾರಿ ಬಿಟ್ಟಿತು. "ಮನೇಲಿ ಗೋಡೆ ನೋಡ್ಕೊಂಡು ಎಷ್ಟು ಅಂತ ಕೂರೋದು ಹೇಳಿ. ಅದಕ್ಕೇ ನಾನು ಕ್ಲಾಸಿಗೆ ಬರೋದು."

ಶಿವರಂಜನಿ ಕಾಫಿ ಮಾಡಿಕೊಟ್ಟಳು, ಬೈಯಲು ಏನೂ ಸಿಗದೆ. ಆ ಹೆಂಗಸು ಕೆಟ್ಟವಳಾಗಿದ್ದರೆ ಎಷ್ಟು ಸುಲಭವಿತ್ತು. ಅವಳು ಹೋದ ಮೇಲೆ ಆ ಹೆಚ್ ಅಳಿಸಿ ಮತ್ತೆ ಇ ಹಾಕಿದಳು. ಸಾಲು ಕಪ್ಪಾಯಿತು. ದಾರಿ ಮುಚ್ಚಿದರೆ ಮುಚ್ಚಲಿ, ಹೇಮಾವತಿಯ ಬೆರಳು ತಾಗಿದ ಅಕ್ಷರ ತನ್ನ ಪೇಜಿನಲ್ಲಿ ಬೇಡ.

ಸಂಜೆ ಬಂದ ವೃಷಭೇಂದ್ರ ಚೀಲ ಇಳಿಸದೆಯೇ ನಿಂತ. "ಯಾರು ಮಾಡಿದ್ದು?"

"ನಾನು."

"ಯಾರು ಏಳ್ಕೊಟ್ರು?"

"ನೀವೇ."

ಅವನು ಕೂತು ತೋಟದ ಮೇಲೆ ಒತ್ತಿದ. ಹೋಗಲಿಲ್ಲ. ಬರೆದದ್ದನ್ನು ತೆರೆದು ಗಟ್ಟಿಯಾಗಿ ಓದುತ್ತ ಬಂದವನು "ಎರೆಫ್" ಎಂದು ತನ್ನ ದನಿಯನ್ನೇ ಕೇಳಿ ನಿಂತುಬಿಟ್ಟ. ಪ್ರಿಂಟು ನೋಡಿದವರು ಯಾರೂ ಹಾಗೆ ಬರೆಯುವುದಿಲ್ಲ. ಕಿವಿಯಿಂದ ಕಲಿತವರು ಮಾತ್ರ, ಅದೂ ಅವನ ಬಾಯಿಂದಲೇ. ಅವನ ಕಿವಿಯ ತುದಿ ಕೆಂಪಾಯಿತು.

"ಪರದೆ ಇಂದ್ಗಡ ಕೂತು ಕೇಳಿಸ್ಕಂಡ್ಯಾ?"

"ಕಿವಿ ಮುಚ್ಕಂಡು ಕೂರ್ಬೇಕಾಗಿತ್ತಾ?"

ತಿದ್ದಲು ಚಾಚಿದ ಅವನ ಕೈಯನ್ನು ಅವಳು ಹಿಡಿದಳು. "ಬುಡಿ. ತಪ್ಪು ಎಲ್ಲದ ಅಂತ ನಂಗೊತ್ತು. ಎಂಗಸ್ರ ಬ್ಯಾಚ್ಗ ನಾನೇ ಏಳ್ಕೊಡ್ತೀನಿ."

"ಮೇಡಂಗ ಆಗ್ಲೇ ಏಳ್ಬುಟ್ಟಿವ್ನಲ್ಲ."

"ಏಳಿದ್ರ ಇನ್ನೊಂದ್ಸಲ ಏಳಿ, ಬ್ಯಾಡ ಅಂತ."

ಒಳಗಿನಿಂದ ಚನ್ನಮಲ್ಲಮ್ಮ, "ಕೊಟ್ಬುಡ್ಲಾ ಅವ್ಳಿಗ. ಪರದೆ ತಾವ ಕೂತು ಕೂತು ದಿನಾ ಸೀದ ಸಾರೇ ಗತಿಯಾಗದ ನಂಗ," ಅಂದಳು.

ಅವನು ಹೇಳಿದ. ಹೇಮಾವತಿ ಸಂತೋಷವಾಗಿಯೇ, "ಅಕ್ಕನೇ ಹೇಳಿಕೊಡಲಿ, ನಾನು ಹಿಂದೆ ಕೂತು ಸಹಾಯ ಮಾಡ್ತೀನಿ," ಅಂದಳಂತೆ. ಆ ಸಂತೋಷವೂ ಶಿವರಂಜನಿಗೆ ಮುಳ್ಳಾಯಿತು.

ಸಂಕ್ರಾಂತಿ ಕಳೆದು ಬ್ಯಾಚು ಶುರುವಾಯಿತು. ಕುರ್ಚಿಯಲ್ಲಿ ಶಿವರಂಜನಿ. ಎರಡು ಕಂಪ್ಯೂಟರಿನ ಮುಂದೆ ಒತ್ತೊತ್ತಾಗಿ ಸಂಘದ ಹೆಂಗಸರು, ಕೊನೆಯದರ ಹತ್ತಿರ ಹೇಮಾವತಿ. "ಈಗ ಎಲ್ರೂ ಬಾಡಿ ಮುಚ್ಚಿ," ಅಂದಾಗ ಮುಂದೆಯೇ ಕೂತಿದ್ದ ಚಿಕ್ಕತಾಯಮ್ಮ ಸೆರಗು ಎಳೆದುಕೊಂಡು, "ಮುಚ್ಕಂಡೇ ಬಂದಿವ್ನಲ್ಲಮ್ಮಿ," ಅಂದಳು. ಕೋಣೆಯೆಲ್ಲ ನಗು. ಶಿವರಂಜನಿಯೂ ನಕ್ಕಳು. ಎಷ್ಟೋ ದಿನದ ಮೇಲೆ ಹಗುರಾಗಿತ್ತು.

ಅಷ್ಟರಲ್ಲಿ ಕೊನೆಯ ಕಂಪ್ಯೂಟರು ಕೆಟ್ಟು ನಿಂತಿತು. ಹೊರಗಿದ್ದ ವೃಷಭೇಂದ್ರ ಬಂದು ಬಗ್ಗಿ ನೋಡಿದ. ಹೇಮಾವತಿ ಏನೋ ಕೇಳಿದಳು, ಅವನೇನೋ ಹೇಳಿದ. ಬಾಯಲ್ಲಿದ್ದ ಮಾತು ಶಿವರಂಜನಿಗೆ ಮರೆತುಹೋಯಿತು. ಅವನು ನೆಟ್ಟಗೆ ನಿಲ್ಲಲಿ, ಹೊರಗೆ ಹೋಗಲಿ ಎಂದು ಕುರ್ಚಿಯಿಂದೆದ್ದು ಕಾಯುತ್ತ ನಿಂತಳು.

"ಅಲ್ಲೇನ್ ನೋಡಿಯಮ್ಮಿ, ಇಲ್ಲಿ ನೋಡು," ಎಂದು ಚಿಕ್ಕತಾಯಮ್ಮ ಅವಳ ಸೆರಗು ಜಗ್ಗಿದಳು. "ಎಸ್ರು ಒಂದು ಕೆಂಪಗ ಬರ್ಲಿ ಅಂತ ಮಾಡುದ್ರ, ಕೆಳಗಿರದೆಲ್ಲ ಕೆಂಪಗಾಗ್ಬುಟ್ಟದ."

ಶಿವರಂಜನಿ ಕಣ್ಣು ಈಚೆಗೆ ತಂದು ಬಗ್ಗಿದಳು. "ಎಲ್ಲೋ ಮುಚ್ಚದೆ ಬುಟ್ಟಿದ್ದೀರ," ಅಂದಳು, ಸಾಲುಗಳ ಮೇಲೆ ಬೆರಳಾಡಿಸುತ್ತ. "ತಡೀರಿ, ಹುಡುಕನ." ಬಾಯಿಗೆ ಬಂದ ಹಕಾರ ಅವಳ ಕಿವಿಗೆ ಬೀಳಲೇ ಇಲ್ಲ.