ಕಾವಿನ ಎಳೆ ನೋಡಿ, ಆಮೇಲೆ ಕೊಡಲಿ ಎತ್ತಿ

ಸೌದೆ ಒಡೆಯುವವನ ಮನೆಯಲ್ಲಿ ಆ ವರ್ಷ ಮುರಿದದ್ದು ಅದು ಮೂರನೆಯ ಕೊಡಲಿ ಕಾವು, ಅಂದರೆ ಮರದ ಹಿಡಿಕೆ. ಮೊದಲೆರಡು ಮುರಿದಾಗ ಹೆಂಡತಿ ಗೊಣಗಿ ಸುಮ್ಮನಾಗಿದ್ದಳು. ಈ ಸಲ ಕೊಡಲಿಯ ತಲೆ ಹಾರಿಬಂದು, ಬಟ್ಟೆ ಹರವುತ್ತಿದ್ದ ಅವಳ ಕಿವಿಯ ಪಕ್ಕದಲ್ಲೇ ಹಾದು, ಬಾಗಿಲಿಗೆ ಕಚ್ಚಿಕೊಂಡಿತು.

ಗಂಡ ಬೆವರೊರೆಸಿಕೊಂಡು, ಸೌದೆಯಲ್ಲಿ ಗಂಟಿತ್ತು ಎಂದ. ಹೋದ ಸಲ ಬಿಸಿಲು ಜಾಸ್ತಿ ಎಂದಿದ್ದ. ಅದಕ್ಕೂ ಮೊದಲು ಅವನ ಗ್ರಹಚಾರ ಕೆಟ್ಟಿತ್ತು.

"ನಿಮ್ಮ ಗ್ರಹಚಾರಕ್ಕೆ ನನ್ನ ತಲೆನೇ ಬೇಕಾ?" ಎಂದಳು ಅವಳು.

ಮಧ್ಯಾಹ್ನ ಅವನು ಪೇಟೆಯಿಂದ ಇನ್ನೊಂದು ಕಾವು ತಂದ. ಕೆಂಪು ಬಣ್ಣ ಬಳಿದುಕೊಂಡು ಫಳಫಳ ಹೊಳೆಯುತ್ತಿತ್ತು. ನೋಡಿದ್ದೇ ಅವಳಿಗೆ ರೇಗಿಹೋಯಿತು. ಕಾವನ್ನೂ ಗಂಡನನ್ನೂ ಎಳೆದುಕೊಂಡು ಅತ್ತಿಗೆಯ ಮನೆಗೆ ನಡೆದಳು.

ಅತ್ತಿಗೆ ಎಂದರೆ ಗಂಡನ ಅಕ್ಕ, ಮೂವತ್ತು ವರ್ಷದಿಂದ ಮರಗೆಲಸ ಮಾಡಿದವಳು. ಊರೆಲ್ಲ ಅವಳ ಮಾತು ಕೇಳುತ್ತಿತ್ತು, ತಮ್ಮನೊಬ್ಬನನ್ನು ಬಿಟ್ಟು. ಅವಳು ಚಾಕುವಿನಿಂದ ಬಣ್ಣ ಕೆರೆದಳು. ಒಳಗೆ ಮರದ ಎಳೆಗಳು ಉದ್ದಕ್ಕೆ ಸಾಗದೆ ಓರೆಯಾಗಿ ಪಕ್ಕಕ್ಕೆ ಹೊರಟುಹೋಗಿದ್ದವು.

"ಎಳೆ ತುದಿಯಿಂದ ಹಿಡಿ ತನಕ ನೆಟ್ಟಗೆ ಬರಬೇಕು ಕಣೋ. ಎಲ್ಲಿ ಪಕ್ಕಕ್ಕೆ ಹೋಗುತ್ತೋ ಅಲ್ಲೇ ಮುರಿಯೋದು."

ಕಾವಿನ ಕೊನೆಯಲ್ಲಿ ಕೊಯ್ದ ಮುಖವನ್ನೂ ನೋಡಬೇಕು, ಅಲ್ಲಿನ ಗೆರೆಗಳು ಕೊಡಲಿಯ ಅಲಗಿನ ಕಡೆಯಿಂದ ಹಿಂಬದಿಗೆ ಸಾಗಬೇಕು, ಅಡ್ಡಡ್ಡ ಇರಬಾರದು, ಗಂಟಿದ್ದರಂತೂ ಮುಟ್ಟಲೇಬೇಡ ಎಂದಳು.

ಮರ ಅಂದಮೇಲೆ ಎಲ್ಲಾ ಒಂದೇ ಎಂದು ತಮ್ಮ ನಕ್ಕ. ಅಕ್ಕ ವಾದ ಮಾಡಲಿಲ್ಲ. ಕಾವಿನ ಎರಡು ತುದಿಗೂ ಇಟ್ಟಿಗೆ ಕೊಟ್ಟು, ಮೇಲೆ ಹತ್ತು ಎಂದಳು. ಅವನು ಕಾಲೂರಿದ್ದೇ ತಡ, ಲಟಕ್ಕನೆ ಮುರಿಯಿತು, ಎಳೆ ಹೋದ ದಾರಿಯಲ್ಲೇ. ಆಮೇಲೆ ನೇರ ಎಳೆಯ ತನ್ನ ಕಾವನ್ನಿಟ್ಟಳು. ಅವನು ಹತ್ತಿ ನಿಂತ. ಅದು ಒಂದಿಷ್ಟು ಬಾಗಿತು, ಅಷ್ಟೇ.

ಅವನ ಮುಖ ಸಣ್ಣಗಾಯಿತು. "ಬೆಳಿಗ್ಗೆ ಒಂದು ಗೇಣು ಆಚೀಚೆ ಆಗಿದ್ದಿದ್ರೆ..." ಎನ್ನುತ್ತಾ ಮುರಿದ ಕಾವನ್ನು ಎತ್ತಿ ನೋಡಿದ.

"ಸದ್ಯ, ಈಗಲಾದರೂ ತಲೆಗೆ ಹೋಯ್ತಲ್ಲ," ಎಂದಳು ಹೆಂಡತಿ.

ಮರುದಿನ ಅಂಗಡಿಯಲ್ಲಿ ಅವನು ಹದಿನಾಲ್ಕು ಕಾವು ತಿರುಗಿಸಿ ನೋಡಿ ಬೇಡವೆಂದ. ಮಗಳಿಗೆ ಗಂಡು ಹುಡುಕುತ್ತಿದ್ದೀಯಾ ಎಂದು ಅಂಗಡಿಯವನು ರೇಗಿದ. ಹದಿನೈದನೆಯದು ಒಪ್ಪಿಗೆಯಾಯಿತು.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಕೊಡಲಿಯನ್ನು ಇವತ್ತೇ ಬೆಳಕಿಗೆ ಹಿಡಿದು ನೋಡಿ. ಎಳೆ ಓರೆಯಾಗಿದ್ದರೆ, ಗಂಟೋ ಬಿರುಕೋ ಇದ್ದರೆ ಕಾವು ಬದಲಿಸಿ. ಬಣ್ಣ ಬಳಿದದ್ದನ್ನು ಕೊಳ್ಳಬೇಡಿ, ಬಣ್ಣದಡಿಯಲ್ಲಿ ಏನಿದೆಯೋ ಕಾಣುವುದಿಲ್ಲ. ಕಣ್ಣಿಗೆ ಒಂದು ನಿಮಿಷದ ಕೆಲಸ ಕೊಡಿ, ಆಸ್ಪತ್ರೆಗೆ ಕೆಲಸ ಕೊಡಬೇಡಿ.